ಗಡಿ ಪೇಟೆಯ ವ್ಯಾಪಾರಿಗೆ ‘ಉಚಿತ’ ಸಾಫ್ಟ್‌ವೇರ್: ಗಿರಾಕಿ ಪಟ್ಟಿ ಕೊನೆಗೆ ಯಾರ ಕೈಯಲ್ಲಿ?

2025ರ ಜುಲೈ ತಿಂಗಳಲ್ಲಿ ಕರ್ನಾಟಕದ ಸಣ್ಣ ವ್ಯಾಪಾರಿಗಳು ಕಂಗಾಲಾದದ್ದು ಎಲ್ಲರಿಗೂ ನೆನಪಿದೆ. ಯುಪಿಐ ಮೂಲಕ ಖಾತೆಗೆ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಅಂಗಡಿಗಳಿಗೆ ನೋಟಿಸ್ ಕಳುಹಿಸಿತು. ತರಕಾರಿ ಮಾರುವವರಿಗೂ ನೋಟಿಸ್ ಬಂತು. ಬೆಂಗಳೂರಿನ ಅಂಗಡಿಗಳ ಎದುರು ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಬೋರ್ಡು ನೇತುಬಿದ್ದವು. ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿ ವಸೂಲಿಗೆ ಒತ್ತಾಯಿಸುವುದಿಲ್ಲ ಎಂದ ಮೇಲೆ ಗಲಾಟೆ ತಣ್ಣಗಾಯಿತು.

ಗಲಾಟೆ ಮುಗಿಯಿತು, ಆದರೆ ಅದು ಕಲಿಸಿದ ಪಾಠವನ್ನು ನಾವು ಸರಿಯಾಗಿ ಕಲಿತಿದ್ದೇವಾ? ‘ಲೆಕ್ಕ ಇಟ್ಟರೆ ಸಿಕ್ಕಿಬೀಳುತ್ತೇವೆ’ ಎಂದು ಹಲವರು ಅಂದುಕೊಂಡರು. ಆದದ್ದು ಅದರ ಉಲ್ಟಾ. ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಬಂದ ಹಣ ತರಕಾರಿ ಮಾರಿದ್ದರದ್ದು ಎಂದು ತೋರಿಸಲು ಪುಸ್ತಕ ಇದ್ದವನಿಗೆ ಉತ್ತರ ಕೊಡುವುದು ಸುಲಭವಾಗಿತ್ತು. ಪುಸ್ತಕ ಇಲ್ಲದವನೇ ಒದ್ದಾಡಿದ್ದು. ಅವನ ವ್ಯಾಪಾರದ ಲೆಕ್ಕ ಬ್ಯಾಂಕಿನ ಬಳಿ ಇತ್ತು, ಪೇಮೆಂಟ್ ಆ್ಯಪ್ ಕಂಪೆನಿಯ ಬಳಿ ಇತ್ತು, ಇಲಾಖೆಯ ಬಳಿಯೂ ಇತ್ತು. ಅವನ ಬಳಿ ಮಾತ್ರ ಇರಲಿಲ್ಲ.

ಅಂಗಡಿಗೆ ಸಾಫ್ಟ್‌ವೇರ್ ಬೇಕು ಎಂಬ ಮಾತು ಈಗ ನಮ್ಮ ಮನೆಗಳಲ್ಲೂ ಕೇಳಿಬರುತ್ತಿದೆ. ಬಿಕಾಂ, ಬಿಸಿಎ ಓದಿದ ಮಗ ಗಲ್ಲಾದಲ್ಲಿ ಕೂತ ಬಾಪನಿಗೆ ‘ಫ್ರೀ ಸಿಆರ್‌ಎಂ ಹಾಕಿಕೊಳ್ಳುವಾ’ ಅನ್ನುತ್ತಾನೆ. ‘ಫ್ರೀ ಯಾಕೆ ಕೊಡ್ತಾರೆ ಮಾರಾಯ?’ ಎಂದು ಬಾಪ ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರ ಹುಡುಕದೆ ಯಾವ ಸಾಫ್ಟ್‌ವೇರನ್ನೂ ಹಾಕಿಕೊಳ್ಳಬಾರದು.

ರಾಯದುರ್ಗ, ಮಡಕಶಿರಾ ಯಾಕೆ?

ಈ ಪ್ರಶ್ನೆಯನ್ನು ನಾವು ಮಂಗಳೂರಿನಲ್ಲಿ ಕೂತು ನೋಡುವುದಕ್ಕಿಂತ ಆಂಧ್ರದ ಗಡಿಯ ಎರಡು ಪೇಟೆಗಳಲ್ಲಿ ನಿಂತು ನೋಡಿದರೆ ಹೆಚ್ಚು ಸ್ಪಷ್ಟವಾಗುತ್ತದೆ. ರೆಡಿಮೇಡ್ ವ್ಯಾಪಾರದಲ್ಲಿರುವ ನಮ್ಮವರಿಗೆ ಬಳ್ಳಾರಿ ಜೀನ್ಸ್ ಹೊಸದಲ್ಲ. ಬಳ್ಳಾರಿಯಿಂದ ಸುಮಾರು 50 ಕಿ.ಮೀ. ದೂರದ ರಾಯದುರ್ಗದಲ್ಲೂ ಅದೇ ಕಸುಬು: ಸಣ್ಣ ಸಣ್ಣ ಹೊಲಿಗೆ ಯೂನಿಟ್‌ಗಳು, ಊರೂರಿಗೆ ಹೋಗುವ ಜೀನ್ಸ್ ಪೀಸುಗಳು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ರಾಜ್ಯ ಬದಲಾಯಿತು, ಆದರೆ ಗಿರಾಕಿಗಳು ಬದಲಾಗಲಿಲ್ಲ.

ಮಡಕಶಿರಾದ ಕಥೆ ಬೇರೆ. ನಕ್ಷೆ ನೋಡಿದರೆ ಆ ಪ್ರದೇಶ ಕರ್ನಾಟಕದ ಒಳಗೆ ಚಾಚಿಕೊಂಡ ಹಾಗೆ ಕಾಣುತ್ತದೆ. ಪಾವಗಡ, ಶಿರಾ, ಮಧುಗಿರಿ ಎಲ್ಲ ಸುತ್ತಮುತ್ತಲೇ ಉಂಟು. ರೇಷ್ಮೆ, ಶೇಂಗಾ, ಅಡಿಕೆ ಬೆಳೆಯುವ ರೈತರು ಇಲ್ಲಿನ ಪೇಟೆಯ ಗಿರಾಕಿಗಳು. ಒಬ್ಬ ಕನ್ನಡ ಮಾತಾಡುತ್ತಾನೆ, ಇನ್ನೊಬ್ಬ ತೆಲುಗು, ಮತ್ತೊಬ್ಬ ದಖ್ಖನಿ ಉರ್ದು. ಈ ಎರಡೂ ಕಡೆಗಳನ್ನು ಜೋಡಿಸುವ ತುಮಕೂರು–ರಾಯದುರ್ಗ ಹೊಸ ರೈಲು ಮಾರ್ಗ ಸುಮಾರು 207 ಕಿ.ಮೀ. ಉದ್ದದ್ದು. ಅದು ಪೂರ್ತಿಯಾದ ದಿನ ಇಲ್ಲಿನ ವ್ಯಾಪಾರಿಯ ಗಿರಾಕಿ ಪಟ್ಟಿ ಇನ್ನೂ ಉದ್ದವಾಗುತ್ತದೆ.

ಗಡಿ ಇರುವಲ್ಲಿ ತೆರಿಗೆಯ ತೊಡಕೂ ಇರುತ್ತದೆ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಬೇಡ ಎಂಬುದು ನಮಗೆಲ್ಲ ಗೊತ್ತು. ಆದರೆ ರಾಜ್ಯದ ಗಡಿ ದಾಟಿ ತೆರಿಗೆ ಬೀಳುವ ಸರಕು ಮಾರಿದರೆ, ಕರಕುಶಲ ವಸ್ತುಗಳಂಥ ಕೆಲವನ್ನು ಬಿಟ್ಟು, ಆ ಮಿತಿ ಲೆಕ್ಕಕ್ಕೆ ಬರುವುದಿಲ್ಲ. ಮೊದಲ ರೂಪಾಯಿಯಿಂದಲೇ ನೋಂದಣಿ ಕಡ್ಡಾಯ. ರಾಯದುರ್ಗದಿಂದ ಬಳ್ಳಾರಿಯ ಅಂಗಡಿಗೆ ಜೀನ್ಸ್ ಕಳಿಸಿದರೂ ಅಷ್ಟೇ, ಮಡಕಶಿರಾದಿಂದ ಪಾವಗಡಕ್ಕೆ ಪೈಪು ಕಳಿಸಿದರೂ ಅಷ್ಟೇ. ಇನ್ನೊಂದು ನಿಯಮ 2023ರ ಅಕ್ಟೋಬರ್ 1ರಿಂದ ಬಂದಿದೆ. ಜಿಎಸ್‌ಟಿ ನಂಬರ್ ಇಲ್ಲದ ಗಿರಾಕಿಗೆ ಮಾರಿದಾಗ, ಬಿಲ್ಲಿನಲ್ಲಿ ಅವನ ವಿಳಾಸ ಬರೆದಿದ್ದರೆ ಆ ವಿಳಾಸದ ರಾಜ್ಯವೇ ಮಾರಾಟದ ಜಾಗ. ರಾಜ್ಯದ ಹೆಸರು ಬರೆದರೂ ಸಾಕು, ವಿಳಾಸ ಬರೆದಂತೆಯೇ. ವಿಳಾಸ ಇಲ್ಲದಿದ್ದರೆ ಅಂಗಡಿ ಇರುವ ರಾಜ್ಯ. ಅಂದರೆ ಗಡಿ ಪೇಟೆಯಲ್ಲಿ ಗಿರಾಕಿಯ ವಿಳಾಸವನ್ನು ತಪ್ಪಾಗಿ ತುಂಬುವುದು ಬರೀ ಕೈತಪ್ಪು ಅಲ್ಲ, ತೆರಿಗೆಯ ತಪ್ಪು. ಇದರ ಬಗ್ಗೆ ನಿಮ್ಮ ತೆರಿಗೆ ಸಲಹೆಗಾರರ ಹತ್ತಿರ ಒಮ್ಮೆ ಮಾತಾಡಿಕೊಳ್ಳಿ.

ನಿಮಗೆ ಬೇಕಾದದ್ದು ಸಿಆರ್‌ಎಂ ಹೌದಾ?

ಸಿಆರ್‌ಎಂ ಅಂದರೆ ಗಿರಾಕಿಯ ಜೊತೆಗಿನ ಸಂಬಂಧವನ್ನು ಬರೆದಿಡುವ ವ್ಯವಸ್ಥೆ. ಯಾರು ಬಂದರು, ಏನು ಕೇಳಿದರು, ಎಷ್ಟು ರೇಟು ಹೇಳಿದೆವು, ಮತ್ತೆ ಯಾವಾಗ ಫೋನ್ ಮಾಡಬೇಕು. ಇಷ್ಟೇ. ಹಳೆ ತಲೆಮಾರಿನ ವ್ಯಾಪಾರಿಗಳ ಜೇಬಿನ ಡೈರಿಯಲ್ಲಿ ಇದೆಲ್ಲ ಇರುತ್ತಿತ್ತು. ತಲೆಯಲ್ಲಂತೂ ಇದ್ದೇ ಇರುತ್ತಿತ್ತು.

ತೊಂದರೆ ಏನೆಂದರೆ ನಮ್ಮವರು ಮೂರು ಬೇರೆ ಬೇರೆ ಅಗತ್ಯಗಳನ್ನು ಒಂದೇ ಹೆಸರಿನಿಂದ ಕರೆಯುತ್ತಾರೆ. ಉದ್ರಿ ವಸೂಲಿಯಾಗುತ್ತಿಲ್ಲ ಎಂಬುದು ನಿಮ್ಮ ಚಿಂತೆಯಾದರೆ ನಿಮಗೆ ಬೇಕಾದದ್ದು ಖಾತಾಬುಕ್‌ನಂಥ ಸಾಲದ ಪುಸ್ತಕ. ಬಿಲ್ಲು, ಸ್ಟಾಕು, ಜಿಎಸ್‌ಟಿ ಲೆಕ್ಕ ಚಿಂತೆಯಾದರೆ ಟ್ಯಾಲಿ, ವ್ಯಾಪಾರ್‌ನಂಥ ಬಿಲ್ಲಿಂಗ್ ಸಾಫ್ಟ್‌ವೇರ್. ‘ಕಳೆದ ತಿಂಗಳು ಸ್ಯಾಂಪಲ್ ಒಯ್ದ ಪಾರ್ಟಿಗೆ ಫೋನ್ ಮಾಡಲು ಮರೆತೇಹೋಯಿತು, ಅವನು ಬೇರೆಯವರ ಹತ್ತಿರ ಆರ್ಡರ್ ಕೊಟ್ಟ’ ಎಂಬುದು ಚಿಂತೆಯಾದರೆ ಮಾತ್ರ ಸಿಆರ್‌ಎಂ. ಮೂರನೆಯ ಕಾಯಿಲೆಯ ಮದ್ದನ್ನು ಮೊದಲನೆಯದಕ್ಕೆ ತಿಂದರೆ ಗುಣವಾಗುವುದಿಲ್ಲ.

ಇದರ ಲಾಭ ಎಂತದ್ದು ಎಂಬುದಕ್ಕೆ ಒಂದು ಉದಾಹರಣೆ ನೋಡುವಾ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಬದಲಾಯಿತು. ಮೊದಲು 1000 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಶೇ. 5, ಅದಕ್ಕಿಂತ ಮೇಲಿನದಕ್ಕೆ ಶೇ. 12 ಇತ್ತು. ಈಗ 2500 ರೂಪಾಯಿವರೆಗೆ ಶೇ. 5, ಅದರ ಮೇಲೆ ಶೇ. 18. ಅಂದರೆ 1200 ರೂಪಾಯಿಯ ಜೀನ್ಸ್ ಮೇಲಿನ ತೆರಿಗೆ ಒಮ್ಮೆಲೇ ಶೇ. 12ರಿಂದ 5ಕ್ಕೆ ಇಳಿಯಿತು. ಯಾವ ಪಾರ್ಟಿ ಆ ರೇಂಜಿನ ಮಾಲು ತೆಗೆದುಕೊಳ್ಳುತ್ತದೆ ಎಂಬ ಪಟ್ಟಿ ಕೈಯಲ್ಲಿದ್ದ ಯೂನಿಟ್ ಮಾಲೀಕ ಅದೇ ದಿನ ಎಲ್ಲರಿಗೂ ಹೊಸ ರೇಟು ಹೇಳಬಹುದಿತ್ತು. ಪಟ್ಟಿ ಇಲ್ಲದವನು ಪಾರ್ಟಿಯೇ ಫೋನ್ ಮಾಡುವವರೆಗೆ ಕಾಯಬೇಕು.

ಮೂರು ಬಗೆಯ ‘ಉಚಿತ’

ಬಾಪನ ಪ್ರಶ್ನೆಗೆ ಈಗ ಬರುವಾ. ಫ್ರೀ ಯಾಕೆ ಕೊಡುತ್ತಾರೆ?

ಮೊದಲನೆಯದು ರುಚಿ ತೋರಿಸುವ ಉಚಿತ. ಚೆನ್ನೈಯ ಝೋಹೋ ಕಂಪೆನಿಯ ಸಿಆರ್‌ಎಂ ಮೂರು ಜನರ ತನಕ ಉಚಿತ. ಅದೇ ಕಂಪೆನಿ ಸಣ್ಣ ವ್ಯಾಪಾರಿಗಳಿಗೆಂದೇ 2020ರಲ್ಲಿ ‘ಬಿಗಿನ್’ ಎಂಬ ಸರಳ ಆವೃತ್ತಿಯನ್ನು ತಂದಿತು. ಅದರಲ್ಲೂ ಉಚಿತ ಖಾತೆ ಉಂಟು, ಅದಕ್ಕೆ ಮಿತಿಗಳೂ ಉಂಟು. ಅಮೆರಿಕದ ಹಬ್‌ಸ್ಪಾಟ್, ಬೆಲ್ಜಿಯಂನ ಓಡೂ ಕಂಪೆನಿಗಳದ್ದೂ ಇದೇ ದಾರಿ. ಓಡೂ ತನ್ನ ಆನ್‌ಲೈನ್ ಸೇವೆಯಲ್ಲಿ ಒಂದು ಆ್ಯಪನ್ನು ಉಚಿತವಾಗಿ ಕೊಡುತ್ತದೆ, ಎರಡನೆಯದು ಬೇಕಾದರೆ ಹಣ. ನೀವು ಬೆಳೆದ ಮೇಲೆ ಹಣ ಕೊಡುತ್ತೀರಿ ಎಂಬುದು ಇವರ ಲೆಕ್ಕ. ಇದರಲ್ಲಿ ಮೋಸ ಏನಿಲ್ಲ. ಆದರೆ ಮಿತಿ ಎಲ್ಲಿ, ಅದನ್ನು ದಾಟಿದ ದಿನ ತಿಂಗಳಿಗೆ ಎಷ್ಟು ಎಂಬುದನ್ನು ಮೊದಲ ದಿನವೇ ಅವರ ಪುಟದಲ್ಲಿ ಓದಿ ಬರೆದಿಟ್ಟುಕೊಳ್ಳಬೇಕು. ಮಿತಿಗಳು ವರ್ಷ ವರ್ಷ ಬದಲಾಗುತ್ತವೆ.

ಎರಡನೆಯದು ಮಾಹಿತಿಯ ಮೇಲೆ ಕಣ್ಣಿಟ್ಟ ಉಚಿತ. ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್ 2018ರ ಜನವರಿಯಲ್ಲಿ ಬಂತು. ಗಿರಾಕಿಗೆ ಲೇಬಲ್ ಹಾಕಬಹುದು, ಸಿದ್ಧ ಉತ್ತರ ಇಟ್ಟುಕೊಳ್ಳಬಹುದು, ಮಾಲಿನ ಕ್ಯಾಟಲಾಗ್ ತೋರಿಸಬಹುದು. ಒಬ್ಬನೇ ನಡೆಸುವ ಅಂಗಡಿಗೆ ಇದಕ್ಕಿಂತ ಸುಲಭದ್ದು ಕಷ್ಟ. ಆದರೆ ವಾಟ್ಸ್‌ಆ್ಯಪ್‌ನ 2021ರ ಖಾಸಗಿತನ ನೀತಿಯ ವಿಷಯದಲ್ಲಿ ಭಾರತೀಯ ಸ್ಪರ್ಧಾ ಆಯೋಗ 2024ರ ನವೆಂಬರ್‌ನಲ್ಲಿ ಮೆಟಾ ಕಂಪೆನಿಗೆ 213.14 ಕೋಟಿ ರೂಪಾಯಿ ದಂಡ ಹಾಕಿತು ಎಂಬುದು ನೆನಪಿರಲಿ. ಅದೂ ಅಲ್ಲದೆ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಹಾಕಬಹುದಾದದ್ದು 256 ಜನರನ್ನು ಮಾತ್ರ, ಮತ್ತು ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಜನ ಕಿರಿಕಿರಿಯಾಗಿ ರಿಪೋರ್ಟ್ ಮಾಡಿದರೆ ನಂಬರೇ ಬಂದ್ ಆಗಬಹುದು. ಆಗ ಅದರ ಜೊತೆಗೆ ಲೇಬಲ್‌ಗಳೂ ಹೋದವು.

ಮೂರನೆಯದು ಮುಕ್ತ ತಂತ್ರಾಂಶದ ಉಚಿತ. ಮುಂಬೈಯ ಫ್ರಾಪೆ ಕಂಪೆನಿಯ ಇಆರ್‌ಪಿನೆಕ್ಸ್ಟ್, ಫ್ರಾಪೆ ಸಿಆರ್‌ಎಂ, ಹಾಗೆಯೇ ಸೂಟ್‌ಸಿಆರ್‌ಎಂ ಈ ಸಾಲಿನವು. ಇವುಗಳ ಮೂಲ ಕೋಡ್ ಯಾರು ಬೇಕಾದರೂ ಇಳಿಸಿಕೊಂಡು ಸ್ವಂತ ಸರ್ವರ್‌ನಲ್ಲಿ ನಡೆಸಬಹುದು. ಸೂಟ್‌ಸಿಆರ್‌ಎಂ ಹುಟ್ಟಿದ ಕಥೆಯಲ್ಲಿ ನಮಗೊಂದು ಪಾಠ ಉಂಟು. ಶುಗರ್‌ಸಿಆರ್‌ಎಂ ಎಂಬ ಕಂಪೆನಿ ಮೊದಲು ಒಂದು ಮುಕ್ತ ಆವೃತ್ತಿಯನ್ನು ಕೊಡುತ್ತಿತ್ತು. 2014ರಲ್ಲಿ ಅದು ಹೊಸ ಮುಕ್ತ ಆವೃತ್ತಿ ತರುವುದಿಲ್ಲ ಎಂದು ಹೇಳಿತು. ಕೋಡ್ ಮುಕ್ತವಾಗಿದ್ದರಿಂದ ಬೇರೆಯವರು 2013ರಲ್ಲೇ ಅದನ್ನು ಎತ್ತಿಕೊಂಡು ಸೂಟ್‌ಸಿಆರ್‌ಎಂ ಎಂದು ಮುಂದುವರಿಸಿದ್ದರು. ಹಾಗಾಗಿ ಬಳಕೆದಾರರಿಗೆ ಹೋಗಲು ಒಂದು ಜಾಗ ಇತ್ತು. ಆದರೆ ಇಲ್ಲಿ ಸಾಫ್ಟ್‌ವೇರ್ ಉಚಿತ, ಸರ್ವರ್ ಬಾಡಿಗೆ ಉಚಿತ ಅಲ್ಲ. ಬ್ಯಾಕಪ್ ತೆಗೆಯುವ, ಅಪ್‌ಡೇಟ್ ಹಾಕುವ ಹುಡುಗ ಬೇಕು. ಆ ಹುಡುಗ ಗಲ್ಫಿಗೆ ಹೋದ ಮೇಲೆ ಯಾರು ನೋಡಿಕೊಳ್ಳುತ್ತಾರೆ ಎಂಬುದಕ್ಕೂ ಉತ್ತರ ಬೇಕು.

ಎರಡು ಅಂಗಡಿ, ಎರಡು ಉತ್ತರ

ಯಾವುದು ಒಳ್ಳೆಯದು ಎಂದು ಸುಮ್ಮನೆ ಕೇಳಿದರೆ ಉತ್ತರ ಇಲ್ಲ. ಗಿರಾಕಿಗಳು ಎಷ್ಟು, ಅವರನ್ನು ನೋಡಿಕೊಳ್ಳುವವರು ಎಷ್ಟು ಎಂಬುದರ ಮೇಲೆ ಹೋಗುತ್ತದೆ.

ರಾಯದುರ್ಗದಲ್ಲಿ ಒಂದು ಜೀನ್ಸ್ ಯೂನಿಟ್ ಇದೆ ಎಂದಿಟ್ಟುಕೊಳ್ಳಿ. ಪಾರ್ಟಿಗಳು ಅರವತ್ತೋ ಎಪ್ಪತ್ತೋ. ಬಳ್ಳಾರಿ, ಚಿತ್ರದುರ್ಗ, ಹುಬ್ಬಳ್ಳಿ, ಮಂಗಳೂರು. ಒಂದೊಂದು ಆರ್ಡರ್ ದೊಡ್ಡದು, ಮಾತುಕತೆ ವಾರಗಟ್ಟಲೆ ನಡೆಯುತ್ತದೆ: ಸ್ಯಾಂಪಲ್, ರೇಟು, ಸೈಜು, ಲಾರಿ, ಪೇಮೆಂಟ್. ಅಣ್ಣ ತಮ್ಮ ಇಬ್ಬರು ಮತ್ತು ಒಬ್ಬ ಸೇಲ್ಸ್ ಹುಡುಗ ಇದನ್ನು ನೋಡಿಕೊಳ್ಳುತ್ತಾರೆ. ಇಂಥವರಿಗೆ ಮೂರು ಜನರ ಉಚಿತ ಸಿಆರ್‌ಎಂ ಸರಿಯಾಗಿ ಹೊಂದುತ್ತದೆ. ಯಾವ ಪಾರ್ಟಿ ಯಾವ ಹಂತದಲ್ಲಿದೆ ಎಂಬುದು ಮೂವರಿಗೂ ಕಾಣುತ್ತದೆ. ‘ನಾನು ಫೋನ್ ಮಾಡಿದ್ದೆ’, ‘ನೀನು ಮಾಡಿದ್ದೀ ಅಂದುಕೊಂಡೆ’ ಎಂಬ ಜಗಳ ಕಡಿಮೆಯಾಗುತ್ತದೆ.

ಮಡಕಶಿರಾದಲ್ಲಿ ಒಂದು ಪೈಪು, ಡ್ರಿಪ್ ಸಾಮಾನಿನ ಅಂಗಡಿ ಇದೆ ಎಂದಿಟ್ಟುಕೊಳ್ಳಿ. ಗಿರಾಕಿಗಳು ಸಾವಿರದ ಮೇಲೆ, ಎಲ್ಲ ರೈತರು. ಒಂದೊಂದು ಖರೀದಿ ಸಣ್ಣದು. ಅಂಗಡಿಯಲ್ಲಿ ಇರುವವರು ಮಾಲೀಕ ಮತ್ತು ಒಬ್ಬ ಹುಡುಗ. ಗಿರಾಕಿಗಳ ಸಂಖ್ಯೆಗೆ ಮಿತಿ ಇರುವ ಉಚಿತ ಖಾತೆ ಇಲ್ಲಿ ಬೇಗ ತುಂಬಿಹೋಗುತ್ತದೆ. ಇವರಿಗೆ ಗೂಗಲ್ ಶೀಟ್‌ನಲ್ಲೋ ಎಕ್ಸೆಲ್‌ನಲ್ಲೋ ಒಂದು ಪಟ್ಟಿ, ಜೊತೆಗೆ ವಾಟ್ಸ್‌ಆ್ಯಪ್ ಬಿಸಿನೆಸ್, ಉದ್ರಿಗೆ ಒಂದು ಖಾತೆ ಆ್ಯಪ್ ಸಾಕು. ಆರು ಕಾಲಂ ಇದ್ದರೆ ಆಯಿತು: ಫೋನ್ ನಂಬರ್, ಹೆಸರು, ಊರು ಮತ್ತು ಪಿನ್‌ಕೋಡ್, ರಾಜ್ಯ, ಕೊನೆಗೆ ಒಯ್ದದ್ದೇನು, ಮತ್ತೆ ಯಾವಾಗ ಮಾತಾಡಬೇಕು.

ಫೋನ್ ನಂಬರನ್ನು ಮೊದಲು ಬರೆದದ್ದಕ್ಕೆ ಕಾರಣ ಉಂಟು. ಗಡಿಯಲ್ಲಿ ಒಂದೇ ಹೆಸರನ್ನು ಕನ್ನಡದವರು ಒಂದು ಥರ, ತೆಲುಗಿನವರು ಒಂದು ಥರ, ಇಂಗ್ಲಿಷಿನಲ್ಲಿ ಟೈಪ್ ಮಾಡುವ ಹುಡುಗ ಇನ್ನೊಂದು ಥರ ಬರೆಯುತ್ತಾನೆ. ಒಬ್ಬ ಗಿರಾಕಿ ಮೂವರಾಗುತ್ತಾನೆ. ಊರಿನದ್ದೂ ಅದೇ ಪಾಡು: ರಾಯದುರ್ಗ, ರಾಯದುರ್ಗಂ, ರಾಯ್‌ದುರ್ಗ್. ಹೈದರಾಬಾದಿನಲ್ಲೂ ಒಂದು ರಾಯದುರ್ಗ ಉಂಟು, ಮೆಟ್ರೋದ ಕೊನೆಯ ನಿಲ್ದಾಣ. ಸಾಫ್ಟ್‌ವೇರ್ ತಾನಾಗಿಯೇ ತುಂಬುವ ವಿಳಾಸವನ್ನು ನೋಡದೆ ಒತ್ತಿದರೆ ನಿಮ್ಮ ಪಾರ್ಟಿ ತೆಲಂಗಾಣಕ್ಕೆ ಹೋಗಿ ಕೂತಿರುತ್ತಾನೆ. 2022ರ ಏಪ್ರಿಲ್ 4ರಂದು ಆಂಧ್ರದಲ್ಲಿ ಹೊಸ ಜಿಲ್ಲೆಗಳಾದಾಗ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಹಳೆಯ ಪಟ್ಟಿಗಳಲ್ಲಿ ಮಾತ್ರ ಎರಡೂ ‘ಅನಂತಪುರ ಜಿಲ್ಲೆ’ಯೇ. ಊರನ್ನು ಪ್ರತಿ ಸಲ ಟೈಪ್ ಮಾಡಬೇಡಿ, ಆಯ್ಕೆ ಪಟ್ಟಿ ಮಾಡಿ ಇಟ್ಟುಬಿಡಿ.

ಒಳಗೆ ಹೋಗುವ ಮುಂಚೆ ಹೊರಬರುವ ಬಾಗಿಲು ನೋಡಿ

ಯಾವುದನ್ನೇ ಆರಿಸಿ, ಎಲ್ಲ ಗಿರಾಕಿಗಳನ್ನು ಒಮ್ಮೆಲೇ ತುಂಬಬೇಡಿ. ಇಪ್ಪತ್ತು ಹೆಸರು ಹಾಕಿ ಎರಡು ವಾರ ಬಳಸಿ. ಆಮೇಲೆ ಆ ಇಪ್ಪತ್ತನ್ನೂ ಹೊರಗೆ ತೆಗೆಯಲು ಬರುತ್ತದಾ ನೋಡಿ. ಹೆಚ್ಚಿನವು ಸಿಎಸ್‌ವಿ ಎಂಬ ಫೈಲ್ ಕೊಡುತ್ತವೆ. ಅದನ್ನು ಎಕ್ಸೆಲ್‌ನಲ್ಲಿ ನೇರ ತೆರೆದರೆ ಕನ್ನಡ ಅಕ್ಷರಗಳು ಚಿತ್ರವಿಚಿತ್ರ ಚಿಹ್ನೆಗಳಾಗಿ ಕಾಣಬಹುದು, ಗಾಬರಿಯಾಗಬೇಡಿ. ಎಕ್ಸೆಲ್‌ನ ‘ಡೇಟಾ’ ವಿಭಾಗದಿಂದ ಫೈಲ್ ತಂದು ‘ಯುಟಿಎಫ್-8’ ಆರಿಸಿದರೆ ಸರಿಯಾಗುತ್ತದೆ. ಹೆಸರುಗಳ ಜೊತೆ ನೀವು ಬರೆದ ಟಿಪ್ಪಣಿಗಳೂ ಹೊರಬಂದವಾ ನೋಡಿ. ಬರೀ ಹೆಸರು, ನಂಬರ್ ಕೊಟ್ಟು ಟಿಪ್ಪಣಿಗಳನ್ನು ಒಳಗೇ ಇಟ್ಟುಕೊಂಡರೆ ಅರ್ಧ ವ್ಯಾಪಾರ ಅಲ್ಲೇ ಉಳಿಯಿತು.

ಖಾತೆ ಯಾರ ಹೆಸರಲ್ಲಿದೆ ಎಂಬುದು ಇನ್ನೂ ಮುಖ್ಯ. ಸೇಲ್ಸ್ ಹುಡುಗನ ಸ್ವಂತ ಜಿಮೇಲ್‌ನಲ್ಲಿ ಖಾತೆ ತೆರೆದರೆ, ಅವನು ಕೆಲಸ ಬಿಟ್ಟ ದಿನ ನಿಮ್ಮ ಗಿರಾಕಿಗಳೂ ಅವನ ಜೊತೆ ಹೋಗುತ್ತಾರೆ. ಅಂಗಡಿಯ ಹೆಸರಿನಲ್ಲಿ ಬೇರೆ ಇಮೇಲ್ ಮಾಡಿ, ಒಟಿಪಿ ಮಾಲೀಕರ ಫೋನಿಗೆ ಬರುವ ಹಾಗೆ ಇಡಿ. ತಿಂಗಳಿಗೊಮ್ಮೆ ಪೂರ್ತಿ ಪಟ್ಟಿ ಇಳಿಸಿ ಪೆನ್‌ಡ್ರೈವ್‌ನಲ್ಲಿ ಹಾಕಿ. ಮತ್ತೊಂದು ವಿಷಯ: ಸಿಆರ್‌ಎಂನಲ್ಲಿ ‘ಎಸ್‌ಎಂಎಸ್ ಕಳಿಸಿ’ ಎಂಬ ಬಟನ್ ಕಂಡರೆ ಅದೂ ಫ್ರೀ ಎಂದುಕೊಳ್ಳಬೇಡಿ. ಭಾರತದಲ್ಲಿ ವ್ಯಾಪಾರದ ಸಾಮೂಹಿಕ ಎಸ್‌ಎಂಎಸ್‌ಗೆ ಟ್ರಾಯ್ ನಿಯಮದಂತೆ ಡಿಎಲ್‌ಟಿ ನೋಂದಣಿ ಬೇಕು.

ಸ್ವದೇಶಿ ಗಾಳಿ, ಹೊಸ ಕಾನೂನು

2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಚಿವ ಅಶ್ವಿನಿ ವೈಷ್ಣವ್ ತಾವು ಝೋಹೋಗೆ ಬದಲಾಗುತ್ತಿರುವುದಾಗಿ ಹೇಳಿದರು. ಅಮೆರಿಕದ ಸುಂಕದ ಬಿಸಿ ಇದ್ದ ಹೊತ್ತು ಅದು. ಝೋಹೋದ ‘ಅರಟ್ಟೈ’ ಆ್ಯಪ್ ಇಳಿಸಿಕೊಳ್ಳಲು ಜನ ಮುಗಿಬಿದ್ದರು. ನಮ್ಮ ದೇಶದ ಕಂಪೆನಿ ಒಳ್ಳೆಯ ಸಾಫ್ಟ್‌ವೇರ್ ಮಾಡುವುದು ಸಂತೋಷದ ವಿಷಯವೇ. ಆದರೆ ವ್ಯಾಪಾರಿ ಕೇಳಬೇಕಾದ ಮೊದಲ ಪ್ರಶ್ನೆ ಕಂಪೆನಿಯ ದೇಶದ್ದಲ್ಲ. ‘ನನ್ನ ಪಟ್ಟಿ ನನಗೆ ಬೇಕಾದಾಗ ಪೂರ್ತಿ ವಾಪಸ್ ಸಿಗುತ್ತದಾ’ ಎಂಬುದು ಮೊದಲು. ಈ ಪ್ರಶ್ನೆಯನ್ನು ಚೆನ್ನೈಯ ಕಂಪೆನಿಗೂ ಕೇಳಬೇಕು, ಅಮೆರಿಕದ ಕಂಪೆನಿಗೂ ಕೇಳಬೇಕು.

ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳು ಹಂತ ಹಂತವಾಗಿ, 18 ತಿಂಗಳಲ್ಲಿ ಜಾರಿಗೆ ಬರುತ್ತವೆ. ಕಾಗದದ ಡೈರಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಅದೇ ಡೈರಿಯನ್ನು ಕಂಪ್ಯೂಟರಿಗೆ ಏರಿಸಿದರೆ ಅನ್ವಯಿಸುತ್ತದೆ. ಯಾಕೆ ನಂಬರ್ ತೆಗೆದುಕೊಳ್ಳುತ್ತೇವೆ ಎಂದು ಗಿರಾಕಿಗೆ ಹೇಳುವುದು, ಬೇಡ ಎಂದರೆ ಅಳಿಸುವುದು, ಪಟ್ಟಿ ಸೋರಿದರೆ ತಿಳಿಸುವುದು ನಮ್ಮ ಹೊಣೆಯಾಗುತ್ತದೆ. ಹಾಗಾಗಿ ಬೇಡದ್ದನ್ನು ಬರೆಯಲೇಬೇಡಿ. ಪೈಪು ಮಾರಲು ಗಿರಾಕಿಯ ಆಧಾರ್ ನಂಬರ್ ಬೇಕಾಗಿಲ್ಲ. ಅವನ ಜಾತಿ, ಧರ್ಮದ ಕಾಲಂ ಅಂತೂ ಬೇಡವೇ ಬೇಡ.

ಪಟ್ಟಿ ಇದ್ದರೆ ಅಂಗಡಿ ಉಳಿಯುತ್ತದೆ

ಕರಾವಳಿಯ ನಮಗೆ ಇದು ಬರೀ ಅನುಕೂಲದ ಮಾತಲ್ಲ. 2022ರ ಮಾರ್ಚ್‌ನಲ್ಲಿ ಕಾಪು ಮಾರಿಗುಡಿ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗ ಸಿಗಲಿಲ್ಲ. ಜಾತ್ರೆಯ ಜನಸಂದಣಿಯನ್ನೇ ನಂಬಿ ಬದುಕುವ ವ್ಯಾಪಾರಿಗೆ ಜಾಗ ಹೋದರೆ ಗಿರಾಕಿಯೂ ಹೋದ. ಯಾಕೆಂದರೆ ವರ್ಷ ವರ್ಷ ಅವನ ಹತ್ತಿರ ಕೊಂಡುಕೊಂಡವರು ಯಾರು ಎಂಬುದು ಅವನಲ್ಲಿ ಎಲ್ಲೂ ಬರೆದಿಲ್ಲ. ಇಂಥ ಬಹಿಷ್ಕಾರವನ್ನು ಎದುರಿಸಬೇಕಾದದ್ದು ಕಾನೂನಿನಿಂದ, ಊರಿನ ಒಳ್ಳೆಯ ಜನರ ಜೊತೆಗೂಡಿ. ಸಾಫ್ಟ್‌ವೇರ್ ಅದಕ್ಕೆ ಪರಿಹಾರ ಅಲ್ಲ. ಆದರೆ ಇನ್ನೂರು ಗಿರಾಕಿಗಳ ನಂಬರ್ ಇಟ್ಟುಕೊಂಡು ‘ಈ ಸಲ ಮಾಲು ಇಲ್ಲಿ ಸಿಗುತ್ತದೆ’ ಎಂದು ಹೇಳಬಲ್ಲ ವ್ಯಾಪಾರಿ ಪೂರ್ತಿ ಬರಿಗೈಯಾಗುವುದಿಲ್ಲ. ಆ ಇನ್ನೂರರಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ. ಅವರು ಬರುವುದು ಮಾಲಿಗಾಗಿ, ಮಾತಿಗಾಗಿ.

ಬ್ಯಾರಿ ಎಂಬ ಹೆಸರೇ ತುಳುವಿನ ‘ಬ್ಯಾರ’, ಅಂದರೆ ವ್ಯಾಪಾರದಿಂದ ಬಂತು ಎನ್ನುವವರುಂಟು. ಕುರ್‌ಆನಿನ ಅತಿ ದೀರ್ಘ ಆಯತ್ ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆಯೇ ಇದೆ. ಬರೆದಿಡುವುದು ನಮಗೆ ಹೊಸದಾಗಿ ಯಾರೂ ಕಲಿಸಬೇಕಾಗಿಲ್ಲ. ಗಿರಾಕಿ ನಂಬಿ ಕೊಟ್ಟ ನಂಬರ್ ಒಂದು ಅಮಾನತ್ ಎಂಬುದೂ ನಮಗೆ ಗೊತ್ತು.

ಯುವಕರಲ್ಲಿ ಒಂದು ವಿನಂತಿ. ಬಾಪನ ಡೈರಿಯನ್ನು ಹಳೆಯದು ಎಂದು ಬದಿಗೆ ತಳ್ಳಬೇಡಿ. ಒಂದು ಸಂಜೆ ಅವರ ಪಕ್ಕ ಕೂತು ಅದರ ಪುಟಗಳನ್ನು ಓದಿಸಿಕೊಳ್ಳಿ. ಯಾರು ಹೇಳಿದ ದಿನ ಹಣ ಕೊಡುತ್ತಾರೆ, ಯಾರಿಗೆ ಮಳೆ ಬಂದ ಮೇಲೆ ಕೇಳಬೇಕು, ಯಾರ ಮನೆಯಲ್ಲಿ ಮದುವೆ ಉಂಟು, ಇವೆಲ್ಲ ಯಾವ ಸಾಫ್ಟ್‌ವೇರಿಗೂ ತಾನಾಗಿ ಗೊತ್ತಾಗುವುದಿಲ್ಲ. ಮೊದಲ ಇಪ್ಪತ್ತು ಹೆಸರನ್ನು ಆ ಡೈರಿಯಿಂದಲೇ ತೆಗೆದು ಶೀಟಿಗೆ ಹಾಕಿ. ಯಾವ ಕಂಪೆನಿಯ ಸಿಆರ್‌ಎಂ ಎಂಬುದನ್ನು ಎರಡು ವಾರ ಬಿಟ್ಟು ತೀರ್ಮಾನಿಸಿದರೂ ನಷ್ಟ ಇಲ್ಲ.